ರಾಶಿಯ ಮೇಲಿನ ಶೂ

ಕಣಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗಬಾರದು ಎಂದು ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಆಗಷ್ಟೇ ನಡೆಯಲು ಕಲಿತ ಮಗು ಕೂಡ ಕಣದ ಅಂಚಿಗೆ ಬಂದರೆ ತಾನೇ ಕಳಚುತ್ತದೆ. ಹಾಗಾಗಿ ಆ ಮಹಾನುಭಾವನಿಗೂ ನಾನು ಹೇಳಲಿಲ್ಲ.

ಅರಸೀಕೆರೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಭಾನುವಾರ ಅದನ್ನು ತಮ್ಮನಿಗೆ ಒಪ್ಪಿಸಿ, ಕ್ಯಾಮೆರಾ ಹೆಗಲಿಗೇರಿಸಿ, ಹುಲಿಕೆರೆ ಹತ್ತಿರದ ಚಿಕ್ಕಮ್ಮನ ಊರಿಗೆ ಹೋಗುವುದು ನನ್ನ ಚಟ. ಬಿತ್ತನೆ, ಕಳೆ, ಕೊಯ್ಲು, ಅಟ್ಟದ ಮೇಲೆ ಒಣಗುವ ಕೊಬ್ಬರಿ, ಯಾವುದನ್ನೂ ಬಿಟ್ಟವನಲ್ಲ. ಮಹಾನುಭಾವ ಬೇಲೂರಿನವನು. ನನ್ನ ಹಾಗೆ ಹವ್ಯಾಸಿಯೇ, ಆದರೆ ಅಲ್ಲಿ ಇಲ್ಲಿ ಬಹುಮಾನ ಬಂದು ತಲೆ ಭುಜದ ಮೇಲೆ ನಿಲ್ಲುತ್ತಿರಲಿಲ್ಲ. "ಒರಿಜಿನಲ್ ಹಳ್ಳಿ ಲೈಫ್ ತೋರಿಸ್ರೀ" ಎಂದು ದುಂಬಾಲು ಬಿದ್ದ. ಕರೆದುಕೊಂಡು ಹೋದೆ.

ಅವತ್ತು ಚಿಕ್ಕಮ್ಮ ರಾಗಿ ಒಕ್ಕಣೆಗೆಂದು ಕಣ ಸಾರಿಸುತ್ತಿದ್ದಳು. ಸಗಣಿ ಕೆಲಸಕ್ಕೆ ಯಾರೂ ಒಳ್ಳೆಯ ಸೀರೆ ಉಡುವುದಿಲ್ಲ. ಗಂಟು ಬಿಚ್ಚಿ ಹರಿದದ್ದನ್ನೇ ಹುಡುಕುತ್ತಾರೆ. ಮೊಣಕೈವರೆಗೂ ಸಗಣಿ, ಕೆದರಿದ ಕೂದಲು, ಮುಖದ ತುಂಬ ಬೆವರು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಒಂದೇ ಸಮನೆ ಕ್ಲಿಕ್ಕಿಸಿದ. ಚಿಕ್ಕಮ್ಮ ತಲೆಯೆತ್ತಿ, "ಬಿಸ್ಲಾಗೈತೆ, ಕಾಫಿ ಕುಡ್ಕಂಡ್ ಹೋಗ್ರಪ್ಪಾ" ಎಂದಳು. ಅವನಿಗೆ ಬೇಕಾದ ಫೋಟೋ ಸಿಕ್ಕಿದ್ದು ಆ ಗಳಿಗೆಯಲ್ಲೇ.

ಕೆಲವು ವಾರಗಳಾದ ಮೇಲೆ ಒಕ್ಕಣೆ ಮುಗಿದು ರಾಶಿ ಬಿದ್ದಾಗ ಮತ್ತೆ ಬಂದ. ರಾಶಿಗೆ ಇನ್ನೂ ಪೂಜೆ ಆಗಿರಲಿಲ್ಲ. ನೋಡನೋಡುತ್ತಿದ್ದಂತೆ ಆಸಾಮಿ ಶೂ ಕಾಲಲ್ಲೇ ರಾಶಿ ಹತ್ತಿ, ರಾಗಿಯಲ್ಲಿ ಹಿಮ್ಮಡಿ ಹೂತು, ಆಕಾಶಕ್ಕೆ ಕ್ಯಾಮೆರಾ ಎತ್ತಿದ. ನನ್ನ ಜೊತೆ ಬಂದ ನೆಂಟ ಎಂದು ಚಿಕ್ಕಪ್ಪ ಹಲ್ಲು ಕಚ್ಚಿಕೊಂಡು ಸುಮ್ಮನಾದರು. ಕೂಗಬೇಕೆಂದು ಬಾಯಿ ತೆರೆದೆ. ಕೈ ಮಾತ್ರ ಅಷ್ಟರಲ್ಲಿ ಹಿಂದಿನಿಂದ ಒಂದು ಫೋಟೋ ತೆಗೆದಾಗಿತ್ತು. ಅವನು ಹೋದ ಮೇಲೆ ಚಿಕ್ಕಮ್ಮ ತುಳಿದ ಕಡೆಯ ರಾಗಿಯನ್ನು ಮೊರಕ್ಕೆ ಬಾಚಿ ದನದ ಬಾನಿಗೆ ಸುರಿದಳು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಆದರೆ ಸಾರಿಸುವ ದಿನದ ಆ ಫೋಟೋಗೆ ಬಹುಮಾನ ಬಂತು. ಅದನ್ನು ಕಿಟಕಿಯಗಲ ಪ್ರಿಂಟ್ ಹಾಕಿಸಿ, ಹಳೇಬೀಡಿನ ರಸ್ತೆಯಲ್ಲಿ ಪ್ರವಾಸಿಗಳು ಊಟಕ್ಕೆ ನಿಲ್ಲುವ ಒಂದು ಹೋಟೆಲಿನ ಗೋಡೆಗೆ ತೂಗುಹಾಕಿಸಿದ. ಕೆಳಗೆ ಚೌಕಟ್ಟಿಗೆ ದಪ್ಪಕ್ಷರದಲ್ಲಿ 'ಹಸಿವು' ಎಂಬ ಹೆಸರಿನ ಪಟ್ಟಿ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸದ ಹೆಂಗಸಿನ ಮುಖದ ಕೆಳಗೆ ಹಸಿವು! ದೇವಸ್ಥಾನ ನೋಡಲು ಬಂದ ಚಿಕ್ಕಮ್ಮನ ಬೀಗರು, ಮಗಳ ಅತ್ತೆ ಮಾವ, ಅದರ ಕೆಳಗೇ ಕೂತು ಉಂಡರು. ಬೀಗಿತಿ ಫೋನು ಮಾಡಿ, "ಮನೇಲಿ ಏನಾರ ತೊಂದ್ರೆ ಐತಾ ಅಕ್ಕಾ, ಮುಚ್ಚುಮರೆ ಬ್ಯಾಡ" ಎಂದರಂತೆ. ಆಮೇಲೆ ಚಿಕ್ಕಮ್ಮ ಮಗಳ ಮನೆಯ ಹೊಸ್ತಿಲು ತುಳಿಯಲಿಲ್ಲ.

"ಅದನ್ನ ಮೊದ್ಲು ಇಳ್ಸು. ಆಮ್ಯಾಕೆ ನನ್ ಮನೆ ಕಡೆ ಬಾ" ಎಂದಳು ನನಗೆ.

ಬೇಲೂರಿಗೆ ಹೋಗಿ ಕೈ ಮುಗಿದು ಕೇಳಿದೆ. "ಅದು ಆರ್ಟ್ ಕಣ್ರೀ. ಆಯಮ್ಮಂಗೆ ಅರ್ಥ ಆಗಲ್ಲ" ಎಂದು ನಕ್ಕ. ಆ ನಗು ನೋಡಿ ನನ್ನ ಮೈ ಉರಿದುಹೋಯಿತು. ಇವನನ್ನು ಸುಮ್ಮನೆ ಬಿಡಬಾರದು ಎಂದು ಅಲ್ಲೇ ತೀರ್ಮಾನಿಸಿದೆ. ಮನೆಗೆ ಬಂದವನೇ ರಾಶಿಯ ಮೇಲಿನ ಫೋಟೋ ಹುಡುಕಿ ತೆಗೆದು, ಬೆಳಕು ಬಣ್ಣ ತಿದ್ದಿ, ಶೂ ಇನ್ನಷ್ಟು ಎದ್ದು ಕಾಣುವಂತೆ ಮಾಡಿ ಅವನಿಗೇ ಕಳಿಸಿದೆ. "ಸಾರ್, ನೀವು ಕೆಲಸದಲ್ಲಿ ಮೈಮರೆತಿರುವ ಭಂಗಿ" ಎಂದು ಬರೆದೆ. ಹೊಗಳಿಕೆಗೆ ಅವನು ಉಬ್ಬುವುದು ನನಗೆ ಗೊತ್ತಿತ್ತು.

ಉಬ್ಬಿದ. ತನ್ನ ಎಲ್ಲ ಗ್ರೂಪುಗಳಿಗೂ ಹಂಚಿದ. ಅಷ್ಟಕ್ಕೇ ನಿಲ್ಲದೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ, 'ಹಸಿವು' ಪಕ್ಕದಲ್ಲೇ ತೂಗುಹಾಕಿಸಲು ಆ ಹೋಟೆಲಿಗೆ ತಾನೇ ಹೊತ್ತು ತಂದ. ನನಗೂ ಬರಲು ಹೇಳಿದ್ದ. ಕಾಫಿ ತರಿಸಿಕೊಂಡು, ಗೋಡೆ ಚೆನ್ನಾಗಿ ಕಾಣುವ ಕಡೆ ಕೂತೆ.

ಹೋಟೆಲಿನ ಯಜಮಾನರು ಬಿಕ್ಕೋಡು ಕಡೆಯವರು, ಗದ್ದೆ ಮಾಡಿ ಬೆಳೆದ ಮನೆತನ. ಪ್ರಿಂಟಿನ ಮುಂದೆ ಬಹಳ ಹೊತ್ತು ನಿಂತರು. "ಸಾರ್, ಕಾಲಲ್ಲಿರೋದೇನು?" ಎಂದರು.

"ಟ್ರೆಕ್ಕಿಂಗ್ ಶೂ. ವಾಟರ್‌ಪ್ರೂಫ್" ಎಂದ ಇವನು, ಹೆಮ್ಮೆಯಿಂದ.

ಯಜಮಾನರು ಸಪ್ಲೈಯರನ್ನು ಕರೆದು, ಗೋಡೆಯ ಮೇಲಿದ್ದ 'ಹಸಿವು' ಇಳಿಸಿ ಹೊಸದರ ಜೊತೆ ಕೈತೊಳೆಯುವ ಜಾಗದ ಹತ್ತಿರ ಒರಗಿಸಲು ಹೇಳಿದರು. ಅವನು ಏನಾಯಿತು ಏನಾಯಿತು ಎಂದು ಎಲ್ಲರ ಮುಖ ನೋಡುತ್ತಿದ್ದ. ನನ್ನ ಮುಖವನ್ನೂ ನೋಡಿದ. ನಾನು ಕಾಫಿ ಆರದಂತೆ ಕುಡಿಯುತ್ತಿದ್ದೆ. ಅಂಥ ರುಚಿಯ ಕಾಫಿ ನಾನು ಇನ್ನೆಲ್ಲೂ ಕುಡಿದಿಲ್ಲ. ಫೋಟೋ ಅಷ್ಟರಲ್ಲಿ ಊರೂರು ಸುತ್ತಿತ್ತು. ಬಸ್ತಿಹಳ್ಳಿಯಿಂದ ಹಿಡಿದು ಸುತ್ತಿನ ಯಾವ ಊರಿನ ಕಣದವರೂ ಅವನನ್ನು ಮತ್ತೆ ಹತ್ತಿರ ಸೇರಿಸಲಿಲ್ಲ. ಇವತ್ತಿಗೂ ನನಗೆ ಅವನ ಮೇಲೆ ಕನಿಕರ ಹುಟ್ಟಿಲ್ಲ.

ಅವನು ಅಲ್ಲೇ ಬಿಟ್ಟುಹೋಗಿದ್ದ 'ಹಸಿವು' ನನಗೆ ಕೊಡಿ ಎಂದು ಯಜಮಾನರನ್ನು ಕೇಳಿ, ಸ್ಕೂಟರಿಗೆ ಕಟ್ಟಿಕೊಂಡು, ಗೆದ್ದ ಉಮೇದಿನಲ್ಲಿ ಚಿಕ್ಕಮ್ಮನ ಜಗಲಿಯ ಮೇಲೆ ತಂದಿಟ್ಟೆ. ನೀರೊಲೆಗೆ ಹಾಕುತ್ತಾಳೆ, ಉರಿಯುವುದನ್ನು ಇಬ್ಬರೂ ನೋಡೋಣ ಎಂದುಕೊಂಡಿದ್ದೆ.

ಅವಳು ಸೆರಗಿನಿಂದ ಗಾಜಿನ ದೂಳು ಒರೆಸಿದಳು. ಆಮೇಲೆ ಈಳಿಗೆಮಣೆಯ ಅಂಚಿಗೆ ಹಿಡಿದು ಕೆಳಗಿನ ಹೆಸರಿನ ಪಟ್ಟಿಯನ್ನು ಎಬ್ಬಿಸಿ ಕಿತ್ತೆಸೆದಳು. ಹೆಸರು ಹೋದ ಮೇಲೆ ಫೋಟೋವನ್ನು ದೂರ ಹಿಡಿದು ನೋಡಿದಳು.

"ಚೆನ್ನಾಗ್ ತೆಗ್ದವ್ನೆ ಕಣೋ" ಎಂದಳು. "ನೋಡು, ಕಾಫಿ ಕುಡೀರಿ ಅಂತಿದೀನಿ. ಬಾಯಿ ಹಂಗೇ ಐತೆ. ನೀನ್ ತೆಗ್ದಿರೋದ್ರಾಗೆಲ್ಲ ನಾನು ಯಾರ್ದೋ ಮದ್ವೆಗೆ ಬಂದೋಳಂಗೆ ಕುಂತಿದೀನಿ."

ಅವಳು ಹೇಳಿದ್ದು ನಿಜವೆಂದು ಕಣ್ಣಿಗೇ ಕಾಣುತ್ತಿತ್ತು. ಅದಕ್ಕೇ ಅವನ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು. ಚಿಕ್ಕಮ್ಮ ನಡುಮನೆಯಲ್ಲಿ, ರೇಷ್ಮೆ ಸೀರೆ ಉಡಿಸಿ ನಾನೇ ತೆಗೆದ ಅವಳ ಫೋಟೋವನ್ನು ಇಳಿಸಿ ನನ್ನ ಕೈಗೆ ಕೊಟ್ಟಳು. ಹೊಸದು ಭಾರ ಇದ್ದುದರಿಂದ ಇನ್ನೊಂದು ಮೊಳೆ ಬೇಕಾಯಿತು. ಸ್ಟೂಲು ಹತ್ತಿ ಅದನ್ನು ಹೊಡೆದವನು ನಾನೇ.