ಸರ್ವರ್ ಕೋಣೆಯ ರೇಖಾ

ರೇಖಾ ಕಾಂಬಳೆ ನಕ್ಕರೆ ಎಕ್ಸ್‌ರೇ ಕೋಣೆಯ ದಪ್ಪ ಬಾಗಿಲ ಒಳಗೂ ಕೇಳುತ್ತಿತ್ತು. ಒಳಗೆ ಉಸಿರು ಬಿಗಿಹಿಡಿದು ನಿಂತ ಪೇಶಂಟು ಆ ನಗು ಕೇಳಿ ತಾನೂ ನಕ್ಕು, ಚಿತ್ರ ಕೆಟ್ಟು, ಮತ್ತೊಮ್ಮೆ ತೆಗೆಯಬೇಕಾಗಿ ಬಂದದ್ದೂ ಉಂಟು.

ಗೋಕಾಕದ ಆ ಖಾಸಗಿ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಡಾಕ್ಟರರ ರಿಪೋರ್ಟು ಟೈಪು ಮಾಡುತ್ತಿದ್ದೆ. ಮೂಡಲಗಿ ಮತ್ತು ಹುಕ್ಕೇರಿಯಲ್ಲಿ ಅದರ ಶಾಖೆಗಳಿದ್ದವು. ಮೂರೂ ಊರಿನ ಚಿತ್ರ, ರಿಪೋರ್ಟು ಎಲ್ಲವೂ ಗೋಕಾಕದ ಸರ್ವರಿನಲ್ಲಿದ್ದ ಒಂದೇ ಫೋಲ್ಡರಿಗೆ ಬಂದು ಸೇರುತ್ತಿದ್ದವು. ಯಾವ ಶಾಖೆಯಲ್ಲಿ ಕೂತರೂ ಅದನ್ನು ತೆರೆಯಬಹುದಿತ್ತು. ಇದನ್ನೆಲ್ಲ ನೋಡಿಕೊಳ್ಳಲು ಬಂದವಳು ರೇಖಾ. ದಡ್ಡಿ ಎಂಬ ಊರಿನ ಹುಡುಗಿ, ಇಂಜಿನಿಯರಿಂಗ್ ಓದಿದವಳು. ಗುರುತಿನ ಚೀಟಿಯ ಹಿಂಬದಿಗೆ ಸಣ್ಣದೊಂದು ಬುದ್ಧನ ಚಿತ್ರ ಅಂಟಿಸಿಕೊಂಡಿದ್ದಳು. ಹೆಗಲ ಚೀಲದಲ್ಲಿ ಕೇಬಲ್ಲು, ಇಕ್ಕಳ, ಅವುಗಳ ನಡುವೆಯೇ ರೊಟ್ಟಿ, ಶೇಂಗಾ ಹಿಂಡಿ.

ಕಂಪ್ಯೂಟರ್ ಮುನಿಸಿಕೊಂಡಾಗ ನಾವು ಅದಕ್ಕೆ ಬೈಯುತ್ತಿದ್ದೆವು. ಅವಳು ನಮಗೆ ಬೈಯುತ್ತಿದ್ದಳು. "ಅದು ಏನ್ ಹೇಳಾಕತ್ತೈತಿ, ಮೊದಲ ಓದ್ರೆಬೇ! ಓದದ ಓಕೆ ಒತ್ತತೀರಿ."

ಒಮ್ಮೆ ಮೂಡಲಗಿಯ ರಿಸೆಪ್ಷನ್ ಹುಡುಗಿ ಫೋಲ್ಡರೇ ಮಾಯವಾಗಿದೆ ಎಂದು ಫೋನಿನಲ್ಲಿ ಅತ್ತಳು. ರೇಖಾ ಬಸ್ಸು ಹತ್ತಿ ಹೋದಳು. ಪಾಸ್‌ವರ್ಡಿನ ಅವಧಿ ಮುಗಿದಿದೆ, ಬದಲಿಸಿ ಎಂದು ಪರದೆ ಎರಡು ದಿನಗಳಿಂದ ಹೇಳುತ್ತಿತ್ತು, ಹುಡುಗಿ ಅದನ್ನು ಒತ್ತಿ ಒತ್ತಿ ಮುಚ್ಚುತ್ತಿದ್ದಳು. ರೇಖಾ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಆಮೇಲೆ ಆ ಹುಡುಗಿಗೇ ಮಿರ್ಚಿ ಭಜಿ ಕೊಡಿಸಿ, ಕೊನೆಯ ಬಸ್ಸಿಗೆ ತಿರುಗಿ ಬಂದಳು.

ಒಂದು ಸೋಮವಾರ ಬೆಳಿಗ್ಗೆ ಪೇಶಂಟುಗಳು ಮೆಟ್ಟಿಲವರೆಗೂ ಕೂತಿದ್ದರು. ನಾನು ಟೈಪು ಮಾಡಿದ ರಿಪೋರ್ಟು ಫೋಲ್ಡರಿನಲ್ಲಿ ಉಳಿಯಲೊಲ್ಲದು. ಎಕ್ಸ್‌ರೇ ಕೋಣೆಯಿಂದ ಚಿತ್ರ ಬರಲೊಲ್ಲದು. ಹುಕ್ಕೇರಿಯಿಂದ ಫೋನು: "ನೆಟ್ ಹೋಗೈತ್ರಿ." ಮ್ಯಾನೇಜರ್ ಪ್ರಕಾಶ ಸರ್ ಕೇಬಲ್ಲುಗಳನ್ನು ಕಿತ್ತು ಕಿತ್ತು ಹಾಕಿದರು.

ರೇಖಾ ನನ್ನ ಬಾಜೂ ಬಂದು ನಿಂತಳು. "ಗಿರಿಜಕ್ಕಾ, ಶನಿವಾರದ ರಿಪೋರ್ಟ್ ತೆರೀರಿ."

ತೆರೆಯಿತು.

"ಹಳೇದು ತೆರೀತೈತಿ, ಹೊಸಾದು ಕೂಡವಲ್ದು. ಹಂಗಾರ ನೆಟ್‌ವರ್ಕ್ ಸರಿ ಐತಿ. ಸರ್ವರಿನ್ಯಾಗ ಜಾಗಾ ಇಲ್ಲ."

ಸರ್ವರ್ ಕೋಣೆಗೆ ನಾನೂ ಅವಳ ಹಿಂದೆ ಹೋದೆ. ಡಿಸ್ಕು ತುಂಬಿಹೋಗಿತ್ತು. ನಮ್ಮ ಚಿತ್ರಗಳು, ರಿಪೋರ್ಟುಗಳು ಎಷ್ಟು ಜಾಗ ಹಿಡಿದಿವೆ ಎಂದು ಕೂಡಿಸಿದರೆ ಅರ್ಧವೂ ಆಗಲಿಲ್ಲ. ಅಷ್ಟರಲ್ಲಿ ಪ್ರಕಾಶ ಸರ್ ಬಾಗಿಲಿಗೆ ಬಂದರು.

"ಹಳೇ ಎಕ್ಸ್‌ರೇ ಅಳಸಿಬಿಡ್ರಿ ಮೇಡಮ್. ಪೇಶಂಟ್ ಕಾಯಾಕತ್ತಾರ."

"ಜಾಗಾ ಯಾವುದು ತಿಂದೈತಿ ನೋಡ್ತೀನ್ರಿ ಸರ್. ಆಮ್ಯಾಲ ಅಳಸೋದು."

"ನಾ ಹೇಳಾಕತ್ತೇನಲ್ರೀ, ಅಳಸ್ರಿ!"

ಅವರು ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ರೇಖಾ ತಿರುಗಿ ನೋಡಲಿಲ್ಲ. ಅವಿತಿಟ್ಟ ಫೋಲ್ಡರುಗಳೂ ಕಾಣುವಂತೆ ಮಾಡಿದಳು. ಹೆಸರಿಲ್ಲದ ಒಂದು ಫೋಲ್ಡರು ಸಿಕ್ಕಿತು. ತುಂಬ ವಿಡಿಯೊಗಳು. ಕೊನೆಯದನ್ನು ಒತ್ತಿದಳು.

ಗೋಡೆ. ಮೂರು ಗೂಟ. ಒಂದರಲ್ಲಿ ನೀಲಿ ಗೌನು, ಇನ್ನೊಂದರಲ್ಲಿ ನನ್ನ ಹಸಿರು ಓಢಣಿ.

ಅದು ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆ. ಎಕ್ಸ್‌ರೇಗೆ ಬಂದವರು ಅಲ್ಲಿಯೇ ಸೀರೆ ಬಿಚ್ಚಿ ಗೌನು ಹಾಕಿಕೊಳ್ಳುತ್ತಿದ್ದರು. ನಾವು ಸಿಬ್ಬಂದಿಯವರೂ ದಿನಾ ಬೆಳಿಗ್ಗೆ ಅಲ್ಲಿಯೇ ಯೂನಿಫಾರ್ಮು ಹಾಕಿಕೊಳ್ಳುತ್ತಿದ್ದೆವು. ಪರದೆಯಲ್ಲಿ ಯಾರೋ ಒಳಗೆ ಬಂದ ನೆರಳು ಕಂಡಿತು. ರೇಖಾ ಅಂಗೈಯಿಂದ ಪರದೆ ಮುಚ್ಚಿದಳು, ಇನ್ನೊಂದು ಕೈಯಿಂದ ವಿಡಿಯೊ ನಿಲ್ಲಿಸಿದಳು. ಹಿಂದಿನ ವಾರ ಅವ್ವನನ್ನು ಕರೆತಂದು, ಆ ಕೋಣೆಯಲ್ಲಿ ನಾನೇ ಅವಳ ಕುಪ್ಪಸದ ಗುಂಡಿ ಬಿಚ್ಚಿಕೊಟ್ಟಿದ್ದೆ.

ತಿರುಗಿ ನೋಡಿದರೆ ಬಾಗಿಲಲ್ಲಿ ಪ್ರಕಾಶ ಸರ್ ಇರಲಿಲ್ಲ.

ರೇಖಾ ಓಡಿದಳು. ಬಟ್ಟೆ ಬದಲಿಸುವ ಕೋಣೆಯ ಮುಂದೆ ಅವರು ನಿಂತಿದ್ದರು, ಕೈಯಲ್ಲಿ ಅಲ್ಲಿಯ ಗೋಡೆ ಗಡಿಯಾರ. ಅದರೊಳಗೆ ಅಡಗಿಸಿದ್ದ ಕ್ಯಾಮೆರಾದ ವಾಯರು ಹಿಂದಿನಿಂದ ಜೋತುಬಿದ್ದಿತ್ತು. ಎಲ್ಲರ ಎದುರಿಗೇ ರೇಖಾ ಆ ಗಡಿಯಾರವನ್ನು ಅವರ ಕೈಯಿಂದ ಕಸಿದುಕೊಂಡಳು. "ಯಾರೂ ಈ ಖೋಲಿಯೊಳಗ ಹೋಗಬ್ಯಾಡ್ರಿ," ಎಂದಳು. ಸರ್ವರ್ ಕೋಣೆಗೆ ಮರಳಿ, ನನ್ನನ್ನೂ ಒಳಗೆ ಎಳೆದುಕೊಂಡು ಚಿಲಕ ಹಾಕಿದಳು.

ಹೊರಗಿನಿಂದ ಪ್ರಕಾಶ ಸರ್ ಬಾಗಿಲು ಬಡಿಯುವ ಸದ್ದು. "ಕಳ್ಳತನ ಆಗಬಾರದಂತ ಇಟ್ಟಿದ್ದರಿ ಮೇಡಮ್, ತೆಗೀರಿ!" ಸುದ್ದಿ ತಿಳಿದು ಮಾಲೀಕರಾದ ಡಾಕ್ಟರು ಬೆಳಗಾವಿಯಿಂದ ಫೋನು ಮಾಡಿದರು. ದೊಡ್ಡ ಮನುಷ್ಯರು, ನಮಗೆಲ್ಲ ತಂದೆಯಂತೆ ಇದ್ದವರು. "ಅಳಸಿಬಿಡು ತಂಗಿ. ಆ ಪ್ರಕಾಶನ್ನ ನಾ ನೋಡ್ಕೊಂತೀನಿ. ಪಾಪ, ಹೆಣ್ಣುಮಕ್ಕಳ ಮರ್ಯಾದಿ ಪ್ರಶ್ನೆ."

"ಅಳಸಿದ್ರ ಇದು ಆಗೇ ಇಲ್ಲ ಅಂದಂಗ ಆಗತೈತ್ರಿ ಸರ್," ಎಂದು ರೇಖಾ ಫೋನಿಟ್ಟಳು. ಆಮೇಲೆ ಪೊಲೀಸರಿಗೆ ಫೋನು ಮಾಡಿದಳು. ಅವರು ಬರುವವರೆಗೂ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಸೆಂಟರ್ ಮುಚ್ಚಿತು. ನಮ್ಮೆಲ್ಲರ ಕೆಲಸ ಹೋಯಿತು. ಮಾರ್ಕೆಟ್ಟಿನಲ್ಲಿ ಪರಿಚಯದವರು ನನ್ನನ್ನು ತಡೆದು, "ನಿಮ್ಮ ವಿಡಿಯೊನೂ ಐತೇನ್ರಿ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಅಂಥ ಪ್ರಶ್ನೆ ಕೇಳುವ ಬಾಯಿಗಳು ಇಷ್ಟಿವೆ ಎಂದು ನನಗೆ ಗೊತ್ತಿರಲಿಲ್ಲ. ಇಲ್ಲದ ಉಸಾಬರಿ ಬೇಡವೆಂದು ರೇಖಾಳ ಅಣ್ಣ ದಡ್ಡಿಯಿಂದ ಬಂದು ಹೇಳಿದ. ಅವಳು ಕೊಲ್ಹಾಪುರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು, ಕೋರ್ಟು ಕರೆದಾಗಲೆಲ್ಲ ರಜೆ ಹಾಕಿ ಬಂದಳು.

ಅವಳನ್ನು ನಾನು ಕೊನೆಯ ಬಾರಿ ನೋಡಿದ್ದು ಗೋಕಾಕದ ಕೋರ್ಟಿನ ಹೊರಗೆ. ಇಬ್ಬರ ಸಾಕ್ಷಿಯೂ ಆಗಲೇ ಮುಗಿದಿತ್ತು. ಜಾಮೀನಿನ ಮೇಲಿದ್ದ ಪ್ರಕಾಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಕೀಲರ ಜತೆ ಚಹಾ ಕುಡಿಯುತ್ತಿದ್ದ. ಆಗ ಗೋಕಾಕದ ಹತ್ತಿರದ ಹಳ್ಳಿಯ ಒಬ್ಬ ಮುದುಕಿ ನಮ್ಮ ಹತ್ತಿರ ಬಂದಳು. ಹಿಂದೆ, ಕಂಬದ ಮರೆಯಲ್ಲಿ, ಸೆರಗು ಹೊದ್ದ ಒಬ್ಬ ಹೆಂಗಸು.

"ಯವ್ವಾ, ನೀನಽ ಏನು ಅದನ್ನ ಹಿಡಿದಾಕಿ?"

"ಹೌದ್ರಿ ಆಯಿ."

"ನನ್ನ ಸೊಸಿ ಬಂದಿದ್ಲವಾ ಅಲ್ಲಿ, ಎದಿ ಫೋಟೊ ತಗಸಾಕ. ಈಗ ಮನಿ ಬಿಟ್ಟ ಹೊರಗ ಬರೂದಿಲ್ಲ. ನಾನಽ ಎಳಕೊಂಡ ಬಂದೀನಿ." ಮುದುಕಿ ರೇಖಾಳ ಮೊಣಕೈ ಹಿಡಿದುಕೊಂಡಳು. "ಆ ಚಿತ್ರಾ ಎಲ್ಲಾ ಸುಟ್ಟ ಹಾಕ್ಯಾರಿಲ್ಲೋ? ಹೌದು ಅನ್ನು. ಅಕೀಗೆ ಕೇಳೂವಂಗ ಅನ್ನು."

ರೇಖಾ ಬಾಯಿ ತೆರೆದಳು. ಹೌದು ಅನ್ನಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ.

"ಆ ಡಿಸ್ಕಿನ್ಯಾಗಿನವು ಪೊಲೀಸರ ಕಡೆ ಅದಾವ ಆಯಿ," ಎಂದಳು. "ಅದಕ್ಕ ಮೊದಲ ಯಾರಿಗೆ ಹೋಗ್ಯಾವೋ, ಹೋಗಿಲ್ಲೋ... ನನಗ ಗೊತ್ತಿಲ್ಲ."

ಮುದುಕಿ ಕೈ ಬಿಟ್ಟಳು. ರೇಖಾ ಅವಳನ್ನು ದಾಟಿ ಕಂಬದ ಕಡೆ ನಡೆದಳು. ಆ ಹೆಂಗಸಿನ ಎದುರು ನಿಂತು, "ನಾನೂ ದಿನಾ ಅದಽ ಖೋಲಿಯೊಳಗ ಬಟ್ಟಿ ಬದಲಸ್ತಿದ್ದೆ ತಂಗೆವ್ವಾ," ಎಂದಳು.

ಸೆರಗಿನ ಒಳಗಿನಿಂದ ಒಂದು ಕೈ ಬಂದು ಅವಳ ಕೈ ಹಿಡಿಯಿತು. ಕೊಲ್ಹಾಪುರದ ಬಸ್ಸಿನ ಹೊತ್ತು ಮೀರುತ್ತಿತ್ತು. ಇಬ್ಬರೂ ಅಲ್ಲಿಯೇ ನಿಂತಿದ್ದರು.