ಹೆಸರು ಹೇಳದ ಸಾವಿನ ಸುದ್ದಿ

ಬಂತು! ನಿನ್ನೆಯ ಪತ್ರಿಕೆಯ ಐದನೆಯ ಪುಟದಲ್ಲಿ, ಕೆಳಗೆ ಎಡಗಡೆ, ಗಾಜಾದ ಆ ಮನೆಯ ಮಕ್ಕಳ ಹೆಸರುಗಳು ಬಂದಿವೆ. ಒಬ್ಬರದೂ ಬಿಟ್ಟಿಲ್ಲ. ಅದನ್ನು ಅಚ್ಚು ಮಾಡಿದವರೇ ಫೋನು ಮಾಡಿ ನನ್ನ ಮೊಮ್ಮಗಳಿಗೆ ಕೆಲಸಕ್ಕೆ ಬಾ ಎಂದರು. ಇಂದು ಬೆಳಿಗ್ಗೆ ಅವಳು ಬಸ್ಸು ಹತ್ತಿ ಹೋದಳು. ಬಸ್ಸು ಕಾಣದಾಗುವವರೆಗೆ ನಿಂತು ನೋಡಿದೆ, ಆಮೇಲೂ ನಿಂತೇ ಇದ್ದೆ. ಈಗ ಬರೆಯಲು ಕುಳಿತಿದ್ದೇನೆ, ಕಾಲು ಮಾತ್ರ ಒಂದು ಕಡೆ ನಿಲ್ಲುತ್ತಿಲ್ಲ. ಮೂರನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಅಕ್ಷರ ಸೊಟ್ಟ ಬಿದ್ದರೆ ಬೀಳಲಿ, ಇದನ್ನು ಬರೆಯದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ.

ಮುದನಾಳದಲ್ಲಿ ನಮ್ಮ ಮನೆ. ಮೊಮ್ಮಗಳು ದಿನಾ ಯಾದಗಿರಿಗೆ ಹೋಗಿ, ಅಲ್ಲಿಂದ ಶಹಾಪುರಕ್ಕೆ ಹೋಗುತ್ತಾಳೆ. ಅಲ್ಲಿ ಒಂದು ಸಣ್ಣ ದಿನಪತ್ರಿಕೆಯ ಕಚೇರಿಯಲ್ಲಿ ಅವಳ ಕೆಲಸ. ಹೊರದೇಶದ ಸುದ್ದಿಗಳು ಇಂಗ್ಲಿಷಿನಲ್ಲಿ ಬರುತ್ತವಂತೆ. ಅವನ್ನು ಕನ್ನಡ ಮಾಡಿ, ಜಾಗಕ್ಕೆ ತಕ್ಕಂತೆ ಕತ್ತರಿಸಿ ಪುಟಕ್ಕೆ ಕೂಡಿಸಬೇಕು. ನಮ್ಮ ಮನೆತನದಲ್ಲಿ ಕುರ್ಚಿಯ ಮೇಲೆ ಕುಳಿತು ದುಡಿಯುವ ಮೊದಲನೆಯವಳು ಅವಳೇ.

ಹತ್ತು ದಿನದ ಹಿಂದೆ ಅವಳು ಮಧ್ಯಾಹ್ನದ ಬಸ್ಸಿಗೇ ಮನೆಗೆ ಬಂದಳು. ಚಪ್ಪಲಿ ಒಂದೊಂದು ಒಂದೊಂದು ಕಡೆ ಬಿದ್ದವು.

"ಯಾಕವ್ವಾ, ಇಷ್ಟ ಜಲ್ದಿ ಬಂದಿ?" ಎಂದೆ.

"ನಾವು ಹೇಳೋತನಕ ಬರಬ್ಯಾಡ ಅಂದಾರ ಮುತ್ಯಾ."

ಆದದ್ದು ಇಷ್ಟು. ಒಂದೇ ದಿನ ಒಂದೇ ಪುಟಕ್ಕೆ ಎರಡು ಸಾವಿನ ಸುದ್ದಿ ಬಂದಿದ್ದವು. ಒಂದು, ರಾಕೆಟ್ ಬಿದ್ದು ತೀರಿಹೋದ ಇಸ್ರೇಲಿನ ಒಬ್ಬ ಹುಡುಗನದು. ಅವನ ಹೆಸರು, ವಯಸ್ಸು, ಫೋಟೋ, ಅವನು ಸಾಕಿದ ನಾಯಿ, ಅವನ ತಾಯಿಯ ಮಾತು ಎಲ್ಲ ಇತ್ತು. ಇನ್ನೊಂದು, ಗಾಜಾದಲ್ಲಿ ಬಾಂಬು ಬಿದ್ದು ಮಲಗಿದಲ್ಲೇ ಹೋದ ಒಂದು ಮನೆಯ ಮಕ್ಕಳದು. ಇಂಗ್ಲಿಷಿನಲ್ಲಿ ಅವರ ಹೆಸರುಗಳೂ ಇದ್ದವು, ಅಪ್ಪ ರೊಟ್ಟಿ ಸುಡುವ ಭಟ್ಟಿಯವನು ಎಂದೂ ಇತ್ತು. ಆದರೆ ಕಚೇರಿಯ ರೂಢಿಯಂತೆ ಅದು ಎರಡು ಸಾಲಿಗೆ ಇಳಿಯಬೇಕು: ದಾಳಿಯಲ್ಲಿ ಇಷ್ಟು ಮಂದಿ ಸತ್ತರು ಎನ್ನಲಾಗಿದೆ. ತಿಂಗಳುಗಟ್ಟಲೆ ಅವಳೇ ಹಾಗೆ ಇಳಿಸಿದ್ದಳು. ಅಂದು ಇಳಿಸಲಿಲ್ಲ. ಹೆಸರುಗಳನ್ನು ಹಾಕಿದಳು. ಸಂಪಾದಕರು ಹೊಡೆದುಹಾಕಿದರು. ಇವಳು ಮತ್ತೆ ಹಾಕಿದಳು.

ನನ್ನ ಮನೆಯಾಕೆ ಅಡುಗೆ ಮನೆಯಿಂದಲೇ ಶುರು ಮಾಡಿದಳು: "ಯಾವ ಊರಾಗೋ ಯಾರೋ ಸತ್ರ ನೀ ಕೆಲಸ ಕಳಕೊಂಡು ಬಂದೀದಿ? ಮುತ್ಯಾನ ರಕ್ತ ನೋಡು. ಸಾವಿನ ಸುದ್ದಿ ಹೊರೋದು ಮನಿತನದಾಗೇ ಅದ!"

ಸಿಟ್ಟಿನಲ್ಲಿ ಅಂದ ಮಾತು. ಆದರೆ ನನಗೆ ಅದು ಒಳಗೆ ಹೋಗಿ ನಾಟಿತು. ಯಾಕೆಂದರೆ ಅದು ನಿಜ.

ನಾವು ಈಗ ಬೌದ್ಧರು. ನಾನು ಹರೆಯದವನಿದ್ದಾಗ ನಾವು ಊರ ಹೊರಗಿನ ಕೇರಿಯವರು, ದೊಡ್ಡವರ ಮನೆಯಲ್ಲಿ ಸಾವಾದರೆ ಬೇರೆ ಊರಿನ ನೆಂಟರಿಗೆ ಸುದ್ದಿ ಒಯ್ಯುವುದು ನಮ್ಮ ಪಾಲಿನ ಬಿಟ್ಟಿ ಕೆಲಸ. ಬಿಸಿಲಾಗಲಿ ಕೆಸರಾಗಲಿ ಓಡಬೇಕು. ಆ ಮನೆಯವರು ಉಣ್ಣುತ್ತಿದ್ದರೆ ಕೈತೊಳೆಯುವವರೆಗೆ ಹೊರಗೆ ಬೇವಿನ ಕೆಳಗೆ ನಿಂತಿರಬೇಕು. ಆಮೇಲೆ ಅಂಗಳದಿಂದಲೇ ಹೇಳಬೇಕು: ಇಂಥ ಊರು, ಇಂಥವರ ಮನೆ, ಇಂಥವರ ಮಗ ಅಥವಾ ಸೊಸೆ, ಇಂಥ ಹೆಸರು, ಹೀಗೆ ಹೀಗೆ ಆಯಿತು. ನಮ್ಮಪ್ಪ ಇದನ್ನು ನನಗೆ ಪಾಠದ ಹಾಗೆ ಕಲಿಸಿದ್ದ.

ಮದುವೆಯಾದ ಹೊಸತರಲ್ಲಿ ಒಮ್ಮೆ ಹತ್ತಿಕುಣಿಗೆ ಓಡಿದೆ. ಬಿರುಬಿಸಿಲು, ದಾರಿಯಲ್ಲಿ ನಾಯಿ ಬೆನ್ನು ಹತ್ತಿತು. ಹೋಗಿ ಮುಟ್ಟುವಷ್ಟರಲ್ಲಿ ತೀರಿಕೊಂಡವರ ಹೆಸರು ಬಾಯಿಂದ ಜಾರಿಹೋಗಿತ್ತು. ಮರಳಿ ಹೋಗಿ ಕೇಳಿ ಬರಲು ಹೆದರಿಕೆ. "ಮುದನಾಳದ ನಿಮ್ಮ ಬೀಗರ ಮನ್ಯಾಗ ಸಾವಾಗ್ಯಾದ್ರೀ" ಎಂದಷ್ಟೇ ಹೇಳಿ, ಅವರು ಏನಾದರೂ ಕೇಳುವ ಮೊದಲೇ ಓಟ ಕಿತ್ತೆ. ಆ ಮನೆಯ ಮಗಳನ್ನು ಇಲ್ಲಿಗೆ ಕೊಟ್ಟಿದ್ದರು, ಬಸುರಿ ಇದ್ದಳು. ಅವಳ ತಾಯಿ ಗಾಡಿಯಲ್ಲಿ ದಾರಿಯುದ್ದಕ್ಕೂ ಮಗಳ ಹೆಸರು ಹಿಡಿದು ಎದೆ ಬಡಿದುಕೊಳ್ಳುತ್ತ ಬಂದಳು. ಬಂದು ನೋಡಿದರೆ ಮಗಳು ಬಾಗಿಲಲ್ಲಿ ನಿಂತಿದ್ದಾಳೆ. ತೀರಿಕೊಂಡದ್ದು ಅವಳ ಮುದಿ ಅತ್ತೆ.

ಆ ತಾಯಿ ಮಗಳನ್ನು ತಬ್ಬಿಕೊಂಡಳು. ಆಮೇಲೆ ಮಂದಿಯ ನಡುವೆ ನನ್ನನ್ನು ಹುಡುಕಿ ಬಂದಳು. ಮುಟ್ಟಬಾರದು ಎಂಬುದನ್ನೂ ಮರೆತು ನನ್ನ ಅಂಗಿ ಹಿಡಿದಳು.

"ಹೆಸರಿಲ್ದ ಸಾವು ಹೊತ್ಕೊಂಡು ಬರ್ತೀಯೇನಲೇ? ಹೊತ್ತು ಮುಳುಗೋದ್ರಾಗ ನನ್ನ ಮಗಳನ್ನ ಕೊಂದು ಇಟ್ಟೆಲ್ಲೋ!"

ಅಂದಿನಿಂದ ಸುದ್ದಿ ಒಯ್ಯುವಾಗ ಹೆಜ್ಜೆಗೊಮ್ಮೆ ಹೆಸರು ಹೇಳಿಕೊಂಡೇ ಓಡುತ್ತಿದ್ದೆ. ಆ ಬಿಟ್ಟಿ ಕೆಲಸ ನಿಂತು ಎಷ್ಟೋ ವರ್ಷವಾಯಿತು, ನಿಂತದ್ದೇ ಒಳ್ಳೆಯದಾಯಿತು. ಆದರೆ ಆ ತಾಯಿಯ ಕೈ ಇಂದಿಗೂ ನನ್ನ ಅಂಗಿ ಹಿಡಿದಂತೆಯೇ ಇದೆ.

ಇದನ್ನು ಮೊಮ್ಮಗಳಿಗೆ ಹೇಳಿದೆ. ಅವಳು ನಗಲಿಲ್ಲ, ಅಳಲೂ ಇಲ್ಲ. "ನಾನೂ ಇಷ್ಟ ತಿಂಗಳು ಹಂಗೇ ಹೇಳಿ ಓಡಿ ಬಂದೀನಿ ಮುತ್ಯಾ" ಎಂದಳು. ಆಮೇಲೆ ಎರಡು ದಿನ ಫೋನು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ಕುಳಿತಳು. ಫೋನು ಬರಲಿಲ್ಲ.

ಮೂರನೆಯ ದಿನ ಯಾರಿಗೂ ಹೇಳದೆ ಶಹಾಪುರದ ಬಸ್ಸು ಹತ್ತಿದೆ. ಭೀಮಾ ಹೊಳೆ ದಾಟುವಾಗ ಎದ್ದು ನಿಂತೆ. ಕಂಡಕ್ಟರ್ "ಕೂಡ್ರಿ ಯಜಮಾನ್ರ, ಇನ್ನೂ ದೂರ ಅದ" ಎಂದ. ಕೂಡಲು ಆಗಲಿಲ್ಲ.

ಸಂಪಾದಕರು ಒಳ್ಳೆಯ ಮನುಷ್ಯರೇ. ಕುರ್ಚಿ ಕೊಟ್ಟರು, ಚಹ ತರಿಸಿದರು.

"ಮುತ್ಯಾ, ನಿಮ್ಮ ಮೊಮ್ಮಗಳು ಹುಷಾರ್ ಅದಾಳ. ಆದ್ರ ಭಾಳ ಜಿದ್ದಿನಾಕಿ."

"ಮನ್ಯಾಗೂ ಹಂಗೇ ಅದಾಳ್ರಿ. ನಾವೂ ಪಾರಾಗಿಲ್ಲ."

ಅವರು ನಕ್ಕರು. ಆಮೇಲೆ ತಮ್ಮ ಕಷ್ಟ ಹೇಳಿದರು. ಪುಟದಲ್ಲಿ ಜಾಗವಿಲ್ಲ. ಹೆಸರು ಹಾಕಿದರೆ ನೀವು ಯಾರ ಪರ ಎಂದು ಫೋನು ಬರುತ್ತವೆ. "ಮ್ಯಾಲೆ ಆ ಹೆಸರು ನಮ್ಮ ಮಂದಿಗೆ ಓದಾಕ ಬರಂಗಿಲ್ಲ. ನಾಲಿಗಿ ಹೊಳ್ಳಂಗಿಲ್ಲ."

"ಮತ್ತ ಆ ರಾಕೆಟ್ ಬಿದ್ದು ಹೋದ ಹುಡುಗನ ಹೆಸರಿಗೆ ನಾಲಿಗಿ ಹೊಳ್ಳತದನ್ರಿ? ಅದನ್ನ ಹಾಕೀರಲ್ಲ."

ಅವರು ಚಹದ ಕಪ್ಪು ಕೆಳಗಿಟ್ಟರು. "ಅಂದ್ರ ಅದನ್ನ ತೆಗೀಬೇಕಿತ್ತನು?"

"ಬ್ಯಾಡ್ರಿ, ಬ್ಯಾಡ್ರಿ! ಅವನ ತಾಯಿ ಮಾತು ಮೊಮ್ಮಗಳು ಓದಿ ಹೇಳಿದಾಗ ನನಗೂ ಕಣ್ಣಾಗ ನೀರು ಬಂತ್ರಿ. ಯಾಕ ಬಂತು? ಅವನ ಹೆಸರು ಗೊತ್ತಾತು, ಅವನ ನಾಯಿ ಗೊತ್ತಾತು. ಈ ಮಕ್ಕಳದು ಬರೇ ಎಣಿಕಿ ಕೊಟ್ರ ಹ್ಯಾಂಗ್ ಬರ್ತದ್ರಿ? ಆ ಸುದ್ದಿಗೆ ಎಷ್ಟು ಜಾಗ ಕೊಟ್ಟೀರೋ, ಇದಕ್ಕೂ ಅಷ್ಟು ಕೊಡ್ರಿ. ಅಷ್ಟೇ."

ಹತ್ತಿಕುಣಿಯ ಕತೆಯನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನಾನು ಕುರ್ಚಿಯಿಂದ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಿದ್ದೆನಂತೆ, ನನಗೇ ಗೊತ್ತಿಲ್ಲ. ಅವರು ಎದ್ದು ಬಂದು, ಮತ್ತೆ ಕೂಡಿಸಿದರು. ಕೊನೆಗೆ "ನೋಡೋಣ್ರಿ" ಎಂದರು. ಅಷ್ಟು ಮಾತು ಹಿಡಿದುಕೊಂಡು ಮನೆಗೆ ಬಂದೆ.

ಆಮೇಲಿನ ಆರು ಮುಂಜಾನೆ ಹೇಗೆ ಕಳೆದವೋ ನನಗಷ್ಟೇ ಗೊತ್ತು. ಚಹದಂಗಡಿಗೆ ಪತ್ರಿಕೆ ಬರುವ ಮೊದಲೇ ಹೋಗಿ ನಿಲ್ಲುತ್ತಿದ್ದೆ. ಬಂದ ಕೂಡಲೇ ಹಿಂದಿನ ಪುಟದಿಂದ ತೆರೆಯುತ್ತಿದ್ದೆ. ಅಂಗಡಿಯವನು "ಏನ್ರಿ ಕಾಕಾ, ಈ ವಯಸ್ಸಿನ್ಯಾಗ ಕ್ರಿಕೆಟ್ ಹುಚ್ಚು ಹತ್ಯಾದೇನು?" ಎಂದು ಕಾಡುತ್ತಿದ್ದ. ಎರಡು ಸಾಲಿನ ಸುದ್ದಿಗಳು ಎಂದಿನ ಹಾಗೆಯೇ ಬರುತ್ತಿದ್ದವು. ನಾನು ಹೋಗಿ ಮಾತಾಡಿದ್ದರಿಂದ ಅವಳ ಕೆಲಸ ಪೂರ್ತಿ ಹೋಯಿತೇನೋ ಎಂದುಕೊಳ್ಳುತ್ತ ಮನೆಗೆ ಮರಳುತ್ತಿದ್ದೆ.

ನಿನ್ನೆ ಬಂತು. ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದೆ. ಭಟ್ಟಿಯವನ ಮಕ್ಕಳು. ದೊಡ್ಡವನು, ಅವನ ಕೆಳಗಿನವಳು, ಅವಳಿ ಜೋಡಿ, ಎಲ್ಲರಿಗಿಂತ ಸಣ್ಣಾಕೆ. ಹೊತ್ತು ದಾಟಿದ ಸುದ್ದಿ, ಆದರೂ ಹಾಕಿದ್ದರು. ಇಷ್ಟು ದಿನ ಯಾಕೆ ಹಾಕಲಿಲ್ಲ ಎಂದು ಬರೆದಿರಲಿಲ್ಲ, ತಪ್ಪಾಯಿತು ಎಂದೂ ಇರಲಿಲ್ಲ. ಇರಲಿ. ಪತ್ರಿಕೆ ಕಂಕುಳಲ್ಲಿಟ್ಟು ಮನೆಗೆ ಓಡಿದೆ. ಎಷ್ಟೋ ವರ್ಷದ ಮೇಲೆ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಅವಳಿಗೆ ಫೋನೂ ಬಂದಿತ್ತು. ಅವಳನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿಯಿತು.

"ಸಾವಿನ ಸುದ್ದಿಗೆ ಕುಣಿಯಾಕತ್ತೀಯಲ್ಲ, ನಿನಗೇನು ಬುದ್ಧಿ ಅದನು?" ಎಂದಳು ಮನೆಯಾಕೆ.

ಕುಣಿಯುತ್ತಿದ್ದ ಕಾಲು ನಿಂತಿತು. ಆ ಮಕ್ಕಳು ಹೋದವರೇ, ಹೆಸರು ಬಂದರೂ ಹೋದವರೇ. ಈ ಸಂತೋಷವನ್ನು ಎಲ್ಲಿ ಇಡಬೇಕೋ ತಿಳಿಯದೆ ದಿನವಿಡೀ ಅಂಗಳದಲ್ಲಿ ತಿರುಗಾಡಿದೆ.

ಸಂಜೆ ಮಗ, ಸೊಸೆ ಹೊಲದ ಕೆಲಸದಿಂದ ಬಂದರು. ಮನೆಯಾಕೆ ಬೈಯುತ್ತಲೇ ಹೋಳಿಗೆ ಮಾಡಿದ್ದಳು, ಪುಂಡಿಪಲ್ಲೆ, ಬಿಸಿ ರೊಟ್ಟಿ. ತಾಟು ಇಡುವಾಗ ಮೊಮ್ಮಗಳು, "ಮೊದಲು ಮುತ್ಯಾ ಆ ಮಕ್ಕಳ ಹೆಸರು ಓದ್ಲಿ, ಆಮ್ಯಾಲ ಉಣ್ಣೋಣು" ಎಂದಳು. ನಾನು ಪತ್ರಿಕೆ ಹಿಡಿದು ಎದ್ದವನು, ರೂಢಿಯಂತೆ ಹೊಸ್ತಿಲು ದಾಟಿ ಅಂಗಳದಲ್ಲಿ ನಿಂತೆ.

ಮನೆಯಾಕೆ ಸೌಟು ಹಿಡಿದು ನನ್ನನ್ನೇ ನೋಡಿದಳು. "ಹೊರಗ ಯಾಕ ನಿಂತೀದಿ? ಇದು ನಿನ್ನ ಮನಿ. ಒಳಗ ಬಂದು ಹೇಳು."

ಒಳಗೆ ಬಂದೆ. ಊರು ಹೇಳಿದೆ, ಭಟ್ಟಿಯವನ ಮನೆ ಎಂದೆ, ಒಂದೊಂದೇ ಹೆಸರು ಓದಿದೆ. ಎರಡು ಕಡೆ ನಾಲಿಗೆ ತೊಡರಿತು, ಮೊಮ್ಮಗಳು ತಿದ್ದಿದಳು. ಮನೆಯಾಕೆ ಸೆರಗಿನಿಂದ ಮುಖ ಒರೆಸಿಕೊಂಡು, ಎಲ್ಲರಿಗೂ ಬಡಿಸಿ, ತಾನೂ ತಾಟು ತೆಗೆದುಕೊಂಡು ನಮ್ಮ ಜೊತೆ ಕುಳಿತಳು. ಉಣ್ಣತೊಡಗಿದೆವು.

ಅರ್ಧ ರೊಟ್ಟಿ ಆಗಿರಬೇಕು. ಸೊಸೆ ತುತ್ತು ಹಿಡಿದುಕೊಂಡೇ ಕೇಳಿದಳು:

"ಮಾವಾ, ಆ ಸಣ್ಣಾಕಿ ಹೆಸರು ಏನಂದ್ರಿ? ಇನ್ನೊಮ್ಮೆ ಹೇಳ್ರಿ."

ಪತ್ರಿಕೆ ನೋಡದೆಯೇ ಹೇಳಿದೆ. ಅವಳು ಮೆಲ್ಲಗೆ ತಾನೂ ಒಮ್ಮೆ ಅಂದು ನೋಡಿದಳು. ಮಗ ರೊಟ್ಟಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿದ.