ಬೆಳಗಿನ ಜಾವ ಮೂರೂ ನಲವತ್ತಕ್ಕೆ ತೆರೆದ ಬಾಗಿಲು

ಎರಡು ವರ್ಷದ ಹಿಂದೆ, ರಂಜಾನ್ ತಿಂಗಳಲ್ಲಿ ನಡೆದದ್ದು. ಹಲಸೂರು ಕೆರೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಪದವಿ ಕಾಲೇಜಿನಲ್ಲಿ ನಾನು ಆಗಲೂ ಈಗಲೂ ಸಿಸ್ಟಂ ಅಡ್ಮಿನ್. ಕಾಲೇಜಿನ ಕೈಪಿಡಿಯಲ್ಲಿ 'ಡೇಟಾ ಸೆಂಟರ್' ಎಂದು ದೊಡ್ಡದಾಗಿ ಅಚ್ಚು ಹಾಕಿಸಿದ್ದಾರೆ. ಇರುವುದು ಎರಡನೇ ಮಹಡಿಯ ಒಂದು ಕೋಣೆ, ನಾಲ್ಕು ಕಬ್ಬಿಣದ ಬೀರುಗಳಲ್ಲಿ ಸರ್ವರುಗಳು, ಗೋಡೆಯಲ್ಲಿ ಎರಡು ಏಸಿ. ಮಕ್ಕಳ ಹಾಜರಿ, ಅಂಕ, ಪರೀಕ್ಷೆಯ ಪ್ರವೇಶ ಪತ್ರ ಎಲ್ಲವೂ ಅದರೊಳಗೇ.

ಆ ಕೋಣೆಯ ಕರೆಂಟು, ಏಸಿ ನೋಡಿಕೊಳ್ಳುವವರು ದಸ್ತಗೀರ್ ಭಾಯ್. ಐವತ್ತು ದಾಟಿದವರು, ಶಿವಾಜಿನಗರದವರು. ಹದಿನಾಲ್ಕು ವರ್ಷದಿಂದ ಇದ್ದಾರೆ, ಆದರೂ ಏಜೆನ್ಸಿಯ ಮೂಲಕ ಗುತ್ತಿಗೆಯ ಮೇಲೆ. ದಿನಾ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಬಂದು ಕಾರ್ಡ್ ತೋರಿಸಿ ಬಾಗಿಲು ತೆರೆಯುತ್ತಿದ್ದರು. ಒಳಗಿನ ಶಾಖ ಎಷ್ಟಿದೆ ನೋಡಿ, ಕೈಗಡಿಯಾರ ನೋಡಿ, ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಹಾಗೆ ಬರೆಯಿರಿ ಎಂದು ನಾವ್ಯಾರೂ ಹೇಳಿರಲಿಲ್ಲ.

ನಿಯಮದ ಪ್ರಕಾರ ಒಳಗೆ ಹೋಗುವ ಪ್ರತಿಯೊಬ್ಬರೂ ಪ್ರತಿ ಸಲವೂ ತಮ್ಮದೇ ಕಾರ್ಡ್ ತೋರಿಸಬೇಕು. ಯಾರು ಮಾಡುತ್ತಾರೆ ಸ್ವಾಮಿ! ದಸ್ತಗೀರ್ ಭಾಯ್ ಬಾಗಿಲು ತೆರೆದ ಮೇಲೆ ನಾವೇ ಯಾರಾದರೂ ಹೋಗಿ ಬಾಗಿಲ ಕೆಳಗೆ ಮಡಿಸಿದ ರಟ್ಟು ಸಿಕ್ಕಿಸುತ್ತಿದ್ದೆವು. ಸಂಜೆಯವರೆಗೂ ಅದು ಧರ್ಮಛತ್ರ. ಬೇಸಿಗೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಕೂಡ ತಂಪಿಗೆಂದು ಒಳಗೆ ಬಂದು ನಿಂತು ಫೋನ್ ಮಾತಾಡುತ್ತಿದ್ದರು.

ಇಲ್ಲಿ ನನ್ನ ಸ್ವಭಾವವನ್ನೂ ಹೇಳಿಬಿಡಬೇಕು. ನನಗೆ ಅನುಮಾನ ಜಾಸ್ತಿ. ತರಕಾರಿ ತೂಗುವಾಗ ಬಗ್ಗಿ ತಕ್ಕಡಿಯ ಅಡಿ ನೋಡುವವಳು ನಾನು. ಮನೆಯಲ್ಲಿ ನನ್ನ ಗಂಡ ನನ್ನನ್ನು ಕರೆಯುವುದೇ 'ಇನ್ಸ್‌ಪೆಕ್ಟ್ರಮ್ಮ' ಎಂದು.

ರಂಜಾನಿನ ಒಂದು ಮಧ್ಯಾಹ್ನ ವಾಣಿಜ್ಯ ವಿಭಾಗದ ಶೈಲಜಾ ಮೇಡಂ ಕೆಂಡವಾಗಿ ಬಂದರು. "ಏನ್ರೀ ಇದು? ನಾನು ಕೊಟ್ಟ ಇಂಟರ್ನಲ್ ಮಾರ್ಕ್ಸೇ ಬೇರೆ, ಸಿಸ್ಟಂನಲ್ಲಿ ಇರೋದೇ ಬೇರೆ. ಆರು ಮಕ್ಕಳಿಗೆ ಕಮ್ಮಿ ಆಗಿದೆ, ಒಬ್ಬನಿಗೆ ಜಾಸ್ತಿ ಆಗಿದೆ. ಯಾರು ಕೈ ಹಾಕಿದ್ದು?" ಎಂದರು.

ಸರ್ವರಿನ ದಾಖಲೆ ತೆಗೆದು ನೋಡಿದೆ. ಹಿಂದಿನ ಗುರುವಾರ ಬೆಳಗಿನ ಜಾವ ಮೂರೂ ಐವತ್ತೆರಡಕ್ಕೆ ಆ ಪಟ್ಟಿ ಬದಲಾಗಿತ್ತು. ಅದೂ ಸರ್ವರ್ ಕೋಣೆಯೊಳಗಿನ ಕಂಪ್ಯೂಟರಿನಿಂದಲೇ, ನಾವೆಲ್ಲ ಬಳಸುವ 'ಅಡ್ಮಿನ್' ಎಂಬ ಹೆಸರಿನಲ್ಲಿ. ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಯ ಪಕ್ಕದಲ್ಲೇ ಅಂಟಿಸಿದ್ದೆವು. ಆ ಹೊತ್ತಿನಲ್ಲಿ ಒಳಗೆ ಹೋದವರು ಯಾರು ಎಂದು ಬಾಗಿಲಿನ ಯಂತ್ರದ ದಾಖಲೆ ತೆಗೆದೆ. ಒಂದೇ ಹೆಸರು. ದಸ್ತಗೀರ್, ಬೆಳಗಿನ ಜಾವ ಮೂರೂ ನಲವತ್ತು.

ಅಷ್ಟೇ ಅಲ್ಲ. ಹಿಂದುಮುಂದಿನ ದಿನಗಳನ್ನು ನೋಡಿದರೆ ದಿನಾ ಅದೇ ಹೊತ್ತು! ಮೂರೂ ಮೂವತ್ತೊಂಬತ್ತು, ಮೂರೂ ನಲವತ್ತೊಂದು, ಮೂರೂ ನಲವತ್ತು. ಭಾನುವಾರ ಮಾತ್ರ ಇಲ್ಲ. ಎಂಥಾ ಶಿಸ್ತಿನ ಕಳ್ಳ, ಭಾನುವಾರ ರಜಾ ಬೇರೆ ತಗೋತಾನೆ ಎಂದುಕೊಂಡೆ. ಅಲ್ಲಿಗೇ ನನ್ನ ಬುದ್ಧಿ ನಿಂತುಬಿಟ್ಟಿತು.

ಸರ್ವರಿನ ದಾಖಲೆಯಲ್ಲಿ ಇನ್ನೊಂದು ವಿಚಿತ್ರವೂ ಕಂಡಿತ್ತು. ನಮ್ಮ ಅಧ್ಯಾಪಕರಲ್ಲಿ ಹಲವರು ಬೆಳಿಗ್ಗೆ ಐದಕ್ಕೆ, ಆರಕ್ಕೆ ಅಂಕ ತುಂಬಿದ್ದರು. ಅವರು ಮನೆಯಿಂದಲೂ ತುಂಬಬಹುದು. ಪಾಪ, ಎಷ್ಟು ಶ್ರದ್ಧೆ ಎಂದುಕೊಂಡು ಪುಟ ತಿರುಗಿಸಿದೆ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. "ಆ ಹೊತ್ತಲ್ಲಿ ಯಾರು ಎದ್ದಿರ್ತಾರೆ ಮಾರಾಯ್ತಿ?" ಎಂದರು ಅವರು. ನಾನು ತಟ್ಟನೆ, "ಈಗ ರಂಜಾನ್ ಅಲ್ವಾ? ಉಪವಾಸ ಶುರುವಾಗೋ ಮುಂಚೆ ಸಹರಿ ಊಟಕ್ಕೆ ಅಂತ ಅವರೆಲ್ಲ ಎದ್ದೇ ಇರ್ತಾರೆ. ಮನೆಯಿಂದ ಸ್ಕೂಟರಲ್ಲಿ ಹೊರಟ್ರೆ ಹತ್ತು ನಿಮಿಷ," ಎಂದೆ. ಹೇಳಿದ ಮೇಲೆ ಎಲ್ಲವೂ ಸರಿಯಾಗಿ ಕೂತುಕೊಂಡ ಹಾಗಾಯಿತು. ಒಬ್ಬ ಮನುಷ್ಯ ಉಪವಾಸಕ್ಕೆಂದು ಏಳುವುದನ್ನೇ ನಾನು ಸಾಕ್ಷಿ ಮಾಡಿಕೊಂಡಿದ್ದೆ. ಇದನ್ನು ಬರೆಯಲು ನನಗೆ ಈಗ ನಾಚಿಕೆಯಾಗುತ್ತದೆ.

ಮರುದಿನದಿಂದ ದಸ್ತಗೀರ್ ಭಾಯ್ ಏನು ಮಾಡಿದರೂ ನನಗೆ ತಪ್ಪಾಗಿಯೇ ಕಂಡಿತು. ಮೆಟ್ಟಿಲ ಹತ್ತಿರ ನಿಂತು ಫೋನಿನಲ್ಲಿ ಅವರ ಭಾಷೆಯಲ್ಲಿ ಮೆಲ್ಲಗೆ ಮಾತಾಡಿದರೆ, ಯಾರ ಹತ್ತಿರ, ಏನು ಮಾತು? ಅಂಕ ಜಾಸ್ತಿಯಾದ ಹುಡುಗನ ವಿಳಾಸ ತೆಗೆದರೆ ಅವನೂ ಶಿವಾಜಿನಗರ. ಸಿಕ್ಕಿಬಿದ್ದ ಎಂದುಕೊಂಡೆ. ಶಿವಾಜಿನಗರದಲ್ಲಿ ಎಷ್ಟು ಸಾವಿರ ಮನೆ ಇವೆ ಎಂಬುದು ತಲೆಗೆ ಬರಲೇ ಇಲ್ಲ. ರಾತ್ರಿ ಕಾವಲಿನ ಹನುಮಂತಪ್ಪನನ್ನು ಕೇಳಿದೆ. ಆತ ಯಾದಗಿರಿ ಕಡೆಯವನು. "ಯಾರೂ ಬಂದಿಲ್ರಿ ಮೇಡಂ. ನಾ ಗೇಟ್ ಬಿಟ್ಟು ಕದಲಂಗಿಲ್ಲ," ಎಂದ. ಓಹೋ, ಇವನೂ ಶಾಮೀಲು ಎಂದು ಅವನ ಹೆಸರನ್ನೂ ಮನಸ್ಸಿನಲ್ಲೇ ಪಟ್ಟಿಗೆ ಸೇರಿಸಿದೆ. ಸುಣ್ಣ ಹೊಡೆಯುವಾಗ ತಿರುಗಿಸಿದ್ದ ಕಾರಿಡಾರಿನ ಕ್ಯಾಮೆರಾ ಇನ್ನೂ ಗೋಡೆಯನ್ನೇ ನೋಡುತ್ತಿತ್ತು. ಅದನ್ನೂ ದಸ್ತಗೀರ್ ಭಾಯಿಯೇ ತಿರುಗಿಸಿರಬೇಕು ಅನ್ನಿಸಿತು.

ಒಂದು ಮಧ್ಯಾಹ್ನ ಅವರು ಮೇಲಿನ ಮಹಡಿಗೆ ಹೋಗಿದ್ದಾಗ ಅವರ ಚೀಲವನ್ನೂ ತೆರೆದು ನೋಡಿದೆ. ಒಂದು ಟೋಪಿ, ಡಬ್ಬಿಯಲ್ಲಿ ಖರ್ಜೂರ, ಒಂದು ಸ್ಕ್ರೂಡ್ರೈವರ್. ಏನೂ ಸಿಗಲಿಲ್ಲವಲ್ಲ ಎಂದು ನನಗೆ ಬೇಜಾರೂ ಆಯಿತು!

ಪ್ರಿನ್ಸಿಪಾಲರ ಮುಂದೆ ಎರಡೂ ದಾಖಲೆ ಇಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಪೊಲೀಸ್ ಗಿಲೀಸ್ ಬೇಡ, ಕಾಲೇಜಿನ ಮರ್ಯಾದೆ ಹೋಗುತ್ತೆ. ಮೊದಲು ಕಾರ್ಡ್ ವಾಪಸ್ ತಗೊಳ್ಳಿ. ನಾಳೆ ಹನ್ನೊಂದಕ್ಕೆ ಏಜೆನ್ಸಿಯವರನ್ನ ಕರೆಸ್ತೀನಿ, ತೆಗೆದುಹಾಕಿಬಿಡೋಣ," ಎಂದರು. ಹೀಗೆ ತೆಗೆಸಿಕೊಂಡವರನ್ನು ಆ ಏಜೆನ್ಸಿ ಇನ್ನೆಲ್ಲಿಗೂ ಕಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಲೆಯಾಡಿಸಿದೆ.

ಸಂಜೆ ನಾಲ್ಕಕ್ಕೆ ದಸ್ತಗೀರ್ ಭಾಯಿಯನ್ನು ಕರೆದು, "ಭಾಯ್, ಕಾರ್ಡ್ ಕೊಡಿ, ಅಪ್‌ಡೇಟ್ ಮಾಡ್ಬೇಕು," ಎಂದೆ.

ಕೊರಳಿನಿಂದ ತೆಗೆದು ಕೊಟ್ಟರು. "ನಾಳೆ ಬೆಳಿಗ್ಗೆ ಬಾಗಿಲು ಹೆಂಗೆ ತೆಗೀಲಿ ಮೇಡಂ? ಎರಡನೇ ಏಸಿ ನೀರು ಸೋರ್ತಾ ಇದೆ, ನೋಡ್ಬೇಕಿತ್ತು," ಎಂದರು.

"ನಾನೇ ತೆಗೀತೀನಿ ಬಿಡಿ," ಎಂದೆ, ಅವರ ಮುಖ ನೋಡದೆ.

ಮರುದಿನ ನಮ್ಮ ಮನೆಯಿರುವ ಕೆ.ಆರ್. ಪುರದಿಂದ ಬೇಗ ಮೆಟ್ರೋ ಹತ್ತಿ ಬಂದೆ. ದಸ್ತಗೀರ್ ಭಾಯ್ ಆಗಲೇ ಬಾಗಿಲ ಹೊರಗೆ ನೋಟ್‌ಬುಕ್ ಹಿಡಿದು ನಿಂತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಿಟ್ಟರೆ ನಾನು ಆ ಯಂತ್ರಕ್ಕೆ ನನ್ನ ಕಾರ್ಡ್ ತೋರಿಸಿದ್ದು ಅವತ್ತೇ. ಅವರು ಒಳಗೆ ಹೋದರು, ಏಸಿ ನೋಡಿದರು, ಬರೆದರು. ಅಷ್ಟರಲ್ಲಿ ಆಫೀಸಿನಿಂದ ಕರೆ ಬಂತು ಎಂದು ನೋಟ್‌ಬುಕ್ಕನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟು ಕೆಳಗೆ ಹೋದರು. ಆ ಕರೆ ಯಾಕೆ ಬಂದದ್ದೆಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಹನ್ನೊಂದರ ಸಭೆಗೆ ಒಂದು ಹೊಸ ಪ್ರತಿ ಇರಲಿ ಎಂದು ಬಾಗಿಲಿನ ದಾಖಲೆ ತೆಗೆದೆ. ಕೊನೆಯ ಸಾಲಿನಲ್ಲಿ ನನ್ನ ಹೆಸರು. ಆ ದಿನದ ಬೆಳಗಿನ ಜಾವ, ಮೂರೂ ನಲವತ್ತೈದು.

ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ. ಅಯ್ಯೋ, ನನ್ನ ಕಾರ್ಡನ್ನೂ ನಕಲು ಮಾಡಿದ್ದಾರೆ! ಕೈಚೀಲವನ್ನು ಮೇಜಿನ ಮೇಲೆ ಸುರಿದು ಹುಡುಕಿದೆ. ಮನೆಯಲ್ಲಿ ನನ್ನ ಚೀಲ ಮುಟ್ಟುವವರು ಯಾರು? ಒಂದು ಕ್ಷಣ, ದೇವರಾಣೆಗೂ, ಗಂಡನ ಮೇಲೂ ಅನುಮಾನ ಬಂತು.

ಆಮೇಲೆ ಕಣ್ಣು ಆ ನೋಟ್‌ಬುಕ್ಕಿನ ಮೇಲೆ ಬಿತ್ತು. ಇವತ್ತಿನ ಸಾಲಿನಲ್ಲಿ ಒಂಬತ್ತೂ ಹದಿನೈದು ಎಂದಿತ್ತು. ನಿನ್ನೆಯದು ಒಂಬತ್ತೂ ಹತ್ತು. ಮೊನ್ನೆಯದು ಒಂಬತ್ತೂ ಹನ್ನೊಂದು. ಪಕ್ಕದ ಪರದೆಯಲ್ಲಿ ಮೂರೂ ನಲವತ್ತೈದು, ಮೂರೂ ನಲವತ್ತು, ಮೂರೂ ನಲವತ್ತೊಂದು. ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಹೋದೆ. ಎಲ್ಲ ದಿನವೂ ಐದೂವರೆ ಗಂಟೆಯ ವ್ಯತ್ಯಾಸ. ನಮ್ಮ ಕಸುಬಿನವರಿಗೆ ಆ ಐದೂವರೆ ಗಂಟೆ ಎಂದರೆ ಏನೆಂದು ನಿದ್ದೆಯಲ್ಲೂ ಗೊತ್ತು. ಗ್ರೀನಿಚ್‌ಗಿಂತ ಭಾರತದ ಸಮಯ ಅಷ್ಟು ಮುಂದೆ. ಸಂಕ್ರಾಂತಿ ರಜೆಯಲ್ಲಿ ಹೊಸ ಸರ್ವರ್ ಕೂರಿಸಿದವಳು ನಾನು. ಭಾರತದ ಸಮಯ ಆರಿಸಿಕೊಳ್ಳುವುದನ್ನು ಮರೆತು, ಅದನ್ನು ಗ್ರೀನಿಚ್ ಸಮಯದಲ್ಲೇ ಬಿಟ್ಟಿದ್ದೆ. ಬಾಗಿಲಿನ ಯಂತ್ರವೂ ಆ ಸರ್ವರಿನಿಂದಲೇ ಸಮಯ ತೆಗೆದುಕೊಳ್ಳುತ್ತಿತ್ತು. ಎರಡೂ ಸೇರಿ ಒಂದೇ ಸುಳ್ಳು ಹೇಳಿದ್ದವು, ನಾನು ಅದನ್ನು ಎರಡು ಸಾಕ್ಷಿ ಎಂದು ಲೆಕ್ಕ ಹಿಡಿದಿದ್ದೆ.

ಬೆಳಿಗ್ಗೆ ಬೇಗ ಎದ್ದು ಅಂಕ ತುಂಬಿದ ಶ್ರದ್ಧಾವಂತ ಅಧ್ಯಾಪಕರು ತುಂಬಿದ್ದು ಹಗಲು ಹನ್ನೊಂದಕ್ಕೆ, ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಾ. ಒಂದೇ ತಪ್ಪು ಗಡಿಯಾರ. ಅವರ ವಿಷಯದಲ್ಲಿ ಒಳ್ಳೆಯದನ್ನು ಯೋಚಿಸಿದೆ, ಇವರ ವಿಷಯದಲ್ಲಿ ಕೆಟ್ಟದ್ದನ್ನು. ಅದನ್ನು ಯಂತ್ರ ಮಾಡಿಸಲಿಲ್ಲ. ಇನ್ನು ಬಾಗಿಲಿನ ದಾಖಲೆಯಲ್ಲಿ ದಸ್ತಗೀರ್ ಭಾಯಿಯ ಹೆಸರೊಂದೇ ಇದ್ದದ್ದು ಯಾಕೆ? ನಿಯಮದಂತೆ ಕಾರ್ಡ್ ತೋರಿಸಿ ಹೋಗುತ್ತಿದ್ದವರು ಇಡೀ ಕಾಲೇಜಿನಲ್ಲಿ ಅವರೊಬ್ಬರೇ.

ಹಾಗಾದರೆ ಆ ಗುರುವಾರ ನಿಜವಾಗಿ ಒಂಬತ್ತೂ ಇಪ್ಪತ್ತೆರಡಕ್ಕೆ ಪಟ್ಟಿ ಬದಲಿಸಿದವರು ಯಾರು? ನೆನಪಾಯಿತು. ಅವತ್ತು ನಾನು ಬೇಗ ಬಂದಿದ್ದೆ. ವಾಣಿಜ್ಯ ವಿಭಾಗದ ಗುಮಾಸ್ತರು ಪೆನ್‌ಡ್ರೈವ್ ಕೊಟ್ಟು, ಪಟ್ಟಿ ಏರಿಸಿಬಿಡಿ ಎಂದಿದ್ದರು. ಅದರಲ್ಲಿ ಎರಡು ಕಡತಗಳಿದ್ದವು, ತಿದ್ದುವ ಮುಂಚಿನದು ಮತ್ತು ತಿದ್ದಿದ್ದು. ರಟ್ಟು ಸಿಕ್ಕಿಸಿದ್ದ ಬಾಗಿಲಿನಿಂದ ಕಾರ್ಡ್ ತೋರಿಸದೆ ಒಳಗೆ ಹೋಗಿ, ಆತುರದಲ್ಲಿ ನಾನು ಹಳೆಯದನ್ನು ಏರಿಸಿದ್ದೆ.

ಗಂಟೆ ಹತ್ತೂ ಐವತ್ತು. ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಮೊದಲು ನನ್ನ ಕೈ ಹೋದದ್ದು ಗಡಿಯಾರ ಸರಿಪಡಿಸುವ ಕಡೆಗೆ. ಸದ್ದಿಲ್ಲದೆ ಸರಿಮಾಡಿ, "ತಾಂತ್ರಿಕ ದೋಷ ಸಾರ್, ಯಾರದ್ದೂ ತಪ್ಪಿಲ್ಲ," ಎಂದುಬಿಟ್ಟರೆ ಅವರೂ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ಆದರೆ ಆಗ ಅಂಕ ತಿದ್ದಿದ್ದು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ, ಎಲ್ಲರೂ ನೋಡುವುದು ಮತ್ತೆ ಅವರನ್ನೇ. ನೋಟ್‌ಬುಕ್ ಎತ್ತಿಕೊಂಡು ಮೆಟ್ಟಿಲಿಳಿದು ಓಡಿದೆ.

ಆಫೀಸಿನ ಮುಂದೆ ಒಂದು ಬೆಂಚು. ದಸ್ತಗೀರ್ ಭಾಯ್ ಅಲ್ಲಿ ಕೂತಿದ್ದರು. ಏಜೆನ್ಸಿಯವನು ಅವರ ಚೀಲವನ್ನು ಬೆಂಚಿನ ಮೇಲೆ ಸುರಿದು ನೋಡುತ್ತಿದ್ದ. ಸುತ್ತ ಹತ್ತಾರು ವಿದ್ಯಾರ್ಥಿಗಳು. ಖರ್ಜೂರದ ಡಬ್ಬಿಯ ಮುಚ್ಚಳ ಕಳಚಿ ನೆಲಕ್ಕೆ ಬಿದ್ದಿತ್ತು. ಅವರು ಅದನ್ನು ಬಗ್ಗಿ ಎತ್ತಿಕೊಳ್ಳುತ್ತಿದ್ದರು.

ಒಳಗೆ ಹೋಗಿ ಪ್ರಿನ್ಸಿಪಾಲರಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. "ಹಂಗಾದ್ರೆ ಮಾರ್ಕ್ಸ್ ಬದಲಾಯಿಸಿದ್ದು ಯಾರ್ರೀ?" ಎಂದು ಗದರಿದರು.

"ನಾನೇ ಸಾರ್," ಎಂದೆ.

ಆ ದಿನವೇ ಅಂಕಗಳನ್ನು ಸರಿಪಡಿಸಿದೆ. ನನಗೆ ಮೆಮೊ ಕೊಟ್ಟರು, ಅದು ನನಗೆ ಸಿಗಬೇಕಾದದ್ದೇ. ದಸ್ತಗೀರ್ ಭಾಯಿಯ ಕೆಲಸ ಉಳಿಯಿತು. ಸಂಜೆ ಅವರ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, "ಭಾಯ್, ನನ್ನಿಂದ ದೊಡ್ಡ ತಪ್ಪಾಯ್ತು, ಕ್ಷಮಿಸಿಬಿಡಿ," ಎಂದೆ. ಚೀಲ ತೆರೆದದ್ದನ್ನೂ ಹೇಳಿದೆ.

ಅವರು ಕಾರ್ಡನ್ನು ಕೊರಳಿಗೆ ಹಾಕಿಕೊಂಡರು. ಆಮೇಲೆ, "ಪರವಾಗಿಲ್ಲ ಮೇಡಂ. ಆದ್ರೆ ಒಂದ್ ಮಾತು. ಮೆಷಿನ್‌ನ ಕೇಳಿದ್ರಿ, ಹನುಮಂತಪ್ಪನ್ನ ಕೇಳಿದ್ರಿ, ಪ್ರಿನ್ಸಿಪಾಲರನ್ನ ಕೇಳಿದ್ರಿ. ನಾನು ದಿನಾ ನಿಮ್ ಮುಂದೇನೇ ಓಡಾಡ್ತಿದ್ದೆ. ನನ್ನ ಒಂದ್ಸಲ ಕೇಳ್ಬೋದಿತ್ತಲ್ವಾ?" ಎಂದರು.

ಹೌದು, ಕೇಳಬಹುದಿತ್ತು.

ಈಗ ಆ ಬಾಗಿಲಿಗೆ ಯಾರೂ ರಟ್ಟು ಸಿಕ್ಕಿಸುವುದಿಲ್ಲ, ಎಲ್ಲರೂ ಕಾರ್ಡ್ ತೋರಿಸುತ್ತಾರೆ. ದಸ್ತಗೀರ್ ಭಾಯ್ ಎಂದಿನಂತೆ ಒಂಬತ್ತೂ ಹತ್ತಕ್ಕೆ ಬರುತ್ತಾರೆ. ಆದರೆ ಬಾಗಿಲು ತೆರೆಯುವುದಿಲ್ಲ. ನಮ್ಮಲ್ಲಿ ಯಾರಾದರೂ ಬರುವ ತನಕ ಹೊರಗೇ ನಿಂತಿರುತ್ತಾರೆ. "ಒಳಗೆ ಹೋಗಿ ಭಾಯ್, ನಮಗೋಸ್ಕರ ಯಾಕೆ ಕಾಯ್ತೀರಿ?" ಎಂದು ಎಷ್ಟೋ ಸಲ ಹೇಳಿದ್ದೇನೆ. "ಬೇಡ ಮೇಡಂ, ಒಬ್ನೇ ಹೋಗಲ್ಲ. ಜೊತೆಗೊಬ್ರು ಇದ್ರೆ ನನಗೇ ಒಳ್ಳೇದು," ಎನ್ನುತ್ತಾರೆ. ಕೋಪದಿಂದಲ್ಲ, ಸಹಜವಾಗಿಯೇ. ಅವರು ಕೋಪಿಸಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವರನ್ನು ಕಾಯಿಸಬಾರದೆಂದು ನಾನೀಗ ಒಂಬತ್ತಕ್ಕೇ ಕಾಲೇಜಿನಲ್ಲಿರುತ್ತೇನೆ. ಮೊನ್ನೆ ಮಾತ್ರ ಮೆಟ್ರೋ ನಡುವೆ ನಿಂತುಬಿಟ್ಟು ತಡವಾಯಿತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮೇಲೆ ಬಂದಾಗ ಒಂಬತ್ತೂ ಮುಕ್ಕಾಲು. ಕಾರ್ಡ್ ಅವರ ಕೊರಳಲ್ಲೇ ಇತ್ತು. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತೇ ಇದ್ದರು.